ಸಿಸ್ಟಮ್ ಟೈಮ್ ಹೇಳಿದ್ದೇ ಮುಹೂರ್ತ

ಯಾವುದಾದರೂ ಒಂದು ತಾಲ್ಲೂಕು ಕಚೇರಿ ಎಂದಿಟ್ಟುಕೊಳ್ಳಿ. ಟೋಕನ್ ಪರದೆಯಲ್ಲಿ ಗಂಟೆ 10.22. ಜನರ ಮೊಬೈಲುಗಳಲ್ಲೂ ಅಷ್ಟೇ. ಕೌಂಟರಿನ ಕಂಪ್ಯೂಟರಿನಲ್ಲಿ 10.29. ಬಾಗಿಲ ಬಳಿಯ ಬೆರಳಚ್ಚು ಹಾಜರಾತಿ ಯಂತ್ರದಲ್ಲಿ ಮಾತ್ರ ಇನ್ನೂ 9.58, ಆದ್ದರಿಂದ ಸಿಬ್ಬಂದಿಯಲ್ಲಿ ಯಾರೂ ತಡವಾಗಿ ಬಂದವರಿಲ್ಲ. ಮೂಲೆಯ ಸಿಸಿಟಿವಿ 2000ನೇ ಇಸವಿಯ ಜನವರಿಯಲ್ಲಿದೆ. ಅದರಲ್ಲಿ ಸಿಕ್ಕಿಬಿದ್ದ ಕಳ್ಳ ಆಗಿನ್ನೂ ಹುಟ್ಟಿಯೇ ಇರಲಿಲ್ಲ ಎಂದು ಅವನ ವಕೀಲರು ಜನನ ಪ್ರಮಾಣಪತ್ರ ಹಾಜರುಪಡಿಸಬಹುದು, ಅದು ಇದೇ ಕಚೇರಿಯಲ್ಲಿ ಸಕಾಲಕ್ಕೆ ಸಿಕ್ಕರೆ.

ತಪ್ಪು ಯಾರದು ಎಂದರೆ ಎಲ್ಲರೂ ಯಂತ್ರದೊಳಗಿನ ಸ್ಫಟಿಕದ ಹರಳನ್ನು ತೋರಿಸುತ್ತಾರೆ. ಈ ಹರಳು ಸೆಕೆಂಡಿಗೆ 32,768 ಸಲ ಕಂಪಿಸಬೇಕು; ಅದನ್ನೆಣಿಸಿಯೇ ಗಡಿಯಾರ ಮುಂದಕ್ಕೆ ಹೋಗುವುದು. ಅಗ್ಗದ ಹರಳಿಗೆ ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಡಿಮೆ ಮಾಮೂಲು. ಅಂದರೆ ದಿನಕ್ಕೆ ಒಂದೂಮುಕ್ಕಾಲು ಸೆಕೆಂಡು, ವರ್ಷಕ್ಕೆ ಸುಮಾರು ಹತ್ತು ನಿಮಿಷ. ಇದಕ್ಕೆ ಒಗ್ಗುವುದು 25 ಡಿಗ್ರಿಯ ಆಸುಪಾಸಿನ ಹವೆ. ಅದಕ್ಕಿಂತ ಸೆಕೆಯಾದರೂ ನಿಧಾನ, ಚಳಿಯಾದರೂ ನಿಧಾನ. ಇಷ್ಟು ಅರ್ಹತೆಯಿದ್ದೂ ಇದನ್ನು ಇನ್ನೂ ಕಾಯಂ ಮಾಡಿಲ್ಲವೆಂಬುದೇ ಆಶ್ಚರ್ಯ.

ಆದರೆ ಪಾಪದ ಹರಳಿನ ಮೇಲೆ ಎಷ್ಟೆಂದು ಹೊರಿಸುವುದು? ವರ್ಷಕ್ಕೆ ಹತ್ತು ನಿಮಿಷ ತಪ್ಪುವ ಗಡಿಯಾರ 24 ನಿಮಿಷ ಹಿಂದೆ ಬೀಳಬೇಕಾದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅದರತ್ತ ಯಾರೂ ತಿರುಗಿ ನೋಡಿರಬಾರದು. ಸಿಸಿಟಿವಿಗೆ ಬೇಕಿರುವುದು ಬಿಲ್ಲೆಯಂಥ ಒಂದು ಬ್ಯಾಟರಿ. ಅದು ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಕಾರ್ಖಾನೆಯವರು ತುಂಬಿಟ್ಟ ತಾರೀಖಿಗೆ ಹಿಂತಿರುಗುತ್ತದೆ. ಬೆಲೆ ಮಸಾಲೆ ದೋಸೆಗಿಂತ ಕಡಿಮೆ. ಆದರೆ ದೋಸೆಗೆ ಟೆಂಡರು ಕರೆಯಬೇಕಾಗಿಲ್ಲ.

ಅತ್ತ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಸೀಸಿಯಂ ಪರಮಾಣುವಿನ 9,192,631,770 ಕಂಪನಗಳನ್ನು ಒಂದು ಸೆಕೆಂಡೆಂದು ಲೆಕ್ಕ ಹಾಕಿ ಇಡೀ ದೇಶದ ಸಮಯ ಕಾಯುತ್ತಾರೆ. ಕೇಳಿದ ಕಂಪ್ಯೂಟರಿಗೆಲ್ಲ ಜಾಲದ ಮೂಲಕ ಹೇಳುತ್ತಾರೆ ಕೂಡ. ಕೇಳಲೇಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಸರ್ಕಾರಿ ಕಚೇರಿಗಳಿಗೂ ಸೇರಿಸಿ ನಿರ್ದೇಶನ ಹೊರಡಿಸಿತು. ನಮ್ಮ ಕಚೇರಿ ಅದನ್ನು ಸ್ವೀಕರಿಸಿ, ಮೊಹರು ಒತ್ತಿ, ಕಡತಕ್ಕೆ ಸೇರಿಸಿದೆ.

ಅರ್ಜಿ ಹಾಕಲು ಕೊನೆಯ ದಿನ, ಸಂಜೆ ಐದರವರೆಗೆ. ಬೆಳಿಗ್ಗೆಯಿಂದ ಸಾಲಿನಲ್ಲಿದ್ದ ಅಜ್ಜ ಕೌಂಟರು ಮುಟ್ಟುವಷ್ಟರಲ್ಲಿ ಕಿಟಕಿ ಮುಚ್ಚುತ್ತದೆ.

“ನನ್ನ ವಾಚಿನಲ್ಲಿ ಇನ್ನೂ ಏಳು ನಿಮಿಷ ಇದೆಯಲ್ಲ ಸ್ವಾಮಿ?”

“ನಿಮ್ಮ ವಾಚು ನಡೆಯುವುದಿಲ್ಲ ಅಜ್ಜ. ಸಿಸ್ಟಮ್ ಟೈಮ್ ಮುಗಿಯಿತು.”

“ಬಾಗಿಲ ಹತ್ತಿರದ ಆ ಯಂತ್ರದಲ್ಲಿ ಇನ್ನೂ ನಾಲ್ಕೂವರೆ ಕೂಡ ಆಗಿಲ್ಲ.”

“ಅದು ಸಿಬ್ಬಂದಿಗೆ ಮಾತ್ರ.”