ಹತ್ತು ಒಂಟೆ, ಒಂದು ಸಂಪು

ಸತ್ಯವೇದದ, ಅಂದರೆ ಬೈಬಲಿನ, 1189 ಅಧ್ಯಾಯಗಳಿಗೂ ದಿನಕ್ಕೊಂದರಂತೆ ವಿವರಣೆ ಬರೆದು ಮುಗಿಸುತ್ತೇನೆಂದು ಕಳೆದ ವರ್ಷ ಜನವರಿ 1ರಂದು ಸಂಕಲ್ಪ ಮಾಡಿದ ನಾನು, ಕೋಲಾರದ ಪೇಟೆಯಿಂದ 200 ಪುಟಗಳ ಹನ್ನೆರಡು ನೋಟ್‌ಬುಕ್‌ಗಳನ್ನು ಒಮ್ಮೆಗೇ ಕೊಂಡುತಂದೆ. ಒಂದು ದಿನವೂ ತಪ್ಪದಿದ್ದರೆ ಮೂರು ವರ್ಷ ಮೂರು ತಿಂಗಳಲ್ಲಿ ಕೆಲಸ ಮುಗಿಯಬೇಕಿತ್ತು. ಈ ಲೆಕ್ಕವನ್ನು ನಮ್ಮ ಚರ್ಚಿನ ಸಭಾಪಾಲಕರ ಕಿವಿಗೆ ಹಾಕಿದ್ದೇ ತಪ್ಪಾಯಿತು. ಅವರು ಮುಂದಿನ ಭಾನುವಾರ ಅದನ್ನು ಇಡೀ ಸಭೆಗೆ ಸಾರಿಬಿಟ್ಟರು.

ಇಪ್ಪತ್ಮೂರು ದಿನ ಬರಹ ಸರಾಗವಾಗಿ ಸಾಗಿತು. ಜನವರಿ 24ರಂದು ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ 24ನೆಯ ಅಧ್ಯಾಯ. ಅಬ್ರಹಾಮನ ಮಗ ಇಸಾಕನಿಗೆ ಹೆಣ್ಣು ಹುಡುಕುತ್ತ ಹತ್ತು ಒಂಟೆಗಳೊಂದಿಗೆ ಬಂದ ಸೇವಕನಿಗೂ ಅವನ ಒಂಟೆಗಳಿಗೂ ರೆಬೆಕ್ಕಳೆಂಬ ಹುಡುಗಿ ನೀರು ಕೊಡುವ ಕಥೆ ಅದು. ಅಂದು ಬೆಳಿಗ್ಗೆ ಮಾಲೂರಿನ ತಂಗಿಯ ಮನೆಗೆ ಹೊರಟ ನನ್ನ ಹೆಂಡತಿ ಹೇಳಿಹೋದದ್ದು ಒಂದೇ ಮಾತು: "ಟ್ಯಾಂಕರ್ ಬಂದಾಗ ಗೇಟು ತೆಗೆದು ಸಂಪಿನ ಮುಚ್ಚಳ ಎತ್ತಿ, ಅಷ್ಟು ಸಾಕು." ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಕೊರೆದರೂ ಕೊಳವೆಬಾವಿಯಿಂದ ಬರೀ ಧೂಳೇ ಏಳಬಹುದಾದ ನಮ್ಮ ಜಿಲ್ಲೆಯಲ್ಲಿ ಇದು ಎಂಥ ಜವಾಬ್ದಾರಿಯೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಬ್ರಹಾಮನ ಸೇವಕನು ರೆಬೆಕ್ಕಳಿಗೆ ಕೊಟ್ಟ ಅರ್ಧ ಶೆಕೆಲ್ ತೂಕದ ಚಿನ್ನದ ಮೂಗುತಿಯ ಬಗ್ಗೆ ಮೂರನೆಯ ಪುಟ ಬರೆಯುತ್ತಿದ್ದ ನನಗೆ ಟ್ಯಾಂಕರಿನ ಹಾರನ್ ಕೇಳಿಸಲೇ ಇಲ್ಲ. ರೆಬೆಕ್ಕಳು ಒಂಟೆಗಳಿಗೆ ನೀರು ಸೇದಿದ ವಿಷಯವನ್ನು "ಇದು ಅತಿಥಿಸತ್ಕಾರಕ್ಕೆ ಮಾದರಿ" ಎಂಬ ಒಂದೇ ಸಾಲಿನಲ್ಲಿ ಆಗಲೇ ಮುಗಿಸಿದ್ದೆ.

ಮಧ್ಯಾಹ್ನ ನಲ್ಲಿ ತಿರುಗಿಸಿದಾಗ ಬಂದದ್ದು ಗಾಳಿ. ಹೆಂಡತಿ ಬರುವಷ್ಟರಲ್ಲಿ ಅಡುಗೆಮನೆಯ ಡ್ರಮ್ಮನ್ನಾದರೂ ತುಂಬಿಸೋಣವೆಂದು 15 ಲೀಟರಿನ ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಎದುರುಮನೆಗೆ ಹೋದೆ. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಳ್ಳುವ ವಿದ್ಯೆ ನನಗೆ ಬಾರದು. ರೆಬೆಕ್ಕಳು ಹೆಗಲ ಮೇಲೆ ಕೊಡ ಹೊತ್ತಿದ್ದಳೆಂದು ಆಗತಾನೇ ಓದಿದ್ದೆನಾದ್ದರಿಂದ ನಾನೂ ಹೆಗಲಿಗೇರಿಸಿದೆ. ಮೊದಲ ಬಿಂದಿಗೆಯ ಕಾಲುಭಾಗ ಅಂಗಿಯೊಳಗೆ ಇಳಿಯಿತು. ಎರಡನೆಯದನ್ನು ಎದುರುಮನೆಯ ನಾಯಿ ಬೊಗಳಿ ಬೀಳಿಸಿತು. ನಾಲ್ಕನೆಯದನ್ನು ಎತ್ತುವಾಗ ಸೊಂಟದಲ್ಲಿ ಏನೋ ಕಳಕ್ ಎಂದಿತು.

ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಮಲಗಿದ್ದಾಗ ಲೆಕ್ಕ ಹಾಕಿದೆ. ಬಾಯಾರಿದ ಒಂಟೆಯೊಂದು ಒಂದೇ ಸಲಕ್ಕೆ 100 ಲೀಟರ್ ಕುಡಿಯಬಲ್ಲದು. ಹತ್ತು ಒಂಟೆಗಳಿಗೆ 1000 ಲೀಟರ್, ಅಂದರೆ ನನ್ನ ಬಿಂದಿಗೆಯಲ್ಲಿ 67 ಸಲ. ರೆಬೆಕ್ಕಳೋ ಬುಗ್ಗೆಗೆ ಇಳಿದು, ತುಂಬಿಕೊಂಡು, ಮೇಲಕ್ಕೆ ಹತ್ತಿ ಬರಬೇಕಿತ್ತು. ಆ ಅಧ್ಯಾಯದಲ್ಲಿರುವುದೂ ಸರಿಯಾಗಿ 67 ವಚನಗಳೇ! ಮಹಾ ರಹಸ್ಯವೊಂದು ಬಯಲಾಯಿತೆಂದು ನೋವನ್ನೂ ಮರೆತು ಎದ್ದು ಕುಳಿತೆ. ಸಂಜೆ ಬಂದ ಹೆಂಡತಿ ಎಲ್ಲವನ್ನೂ ಕೇಳಿ, "ನಮ್ಮ ಬಿಂದಿಗೆ 20 ಲೀಟರಿನದಾಗಿದ್ದರೆ?" ಎಂದಳು. ರಹಸ್ಯ ಅಲ್ಲಿಗೆ ಮುಗಿಯಿತು. "ಅದಿರಲಿ, ಮೂಗುತಿಗೆ ಮೂರು ಪುಟ, ನೀರಿಗೆ ಒಂದು ಸಾಲೇ?" ಎಂದು ಅವಳು ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಮಿಕ್ಕ 1165 ಅಧ್ಯಾಯಗಳ ವಿವರಣೆಯನ್ನು ಅಂದೇ ಕೈಬಿಟ್ಟು, ಸತ್ಯವೇದದಲ್ಲಿ ಬರುವ ಬಾವಿ, ತೊಟ್ಟಿ, ಕೊಡಗಳ ಬಗ್ಗೆ ಮಾತ್ರ ಬರೆಯುವುದೆಂದು ತೀರ್ಮಾನಿಸಿದೆ. ವಿದ್ವಾಂಸರ ಗ್ರಂಥಗಳನ್ನು ನೋಡಿ ಬರೆಯುವಾಗ ಇಲ್ಲದ ಧೈರ್ಯ ಈ ವಿಷಯದಲ್ಲಿ ನನಗಿದೆ. ಇಸಾಕನ ಆಳುಗಳು ತೋಡಿದ ಬಾವಿಗಾಗಿ ಗೆರಾರಿನ ಕುರುಬರು "ಈ ನೀರು ನಮ್ಮದು" ಎಂದು ಜಗಳ ತೆಗೆದದ್ದರಿಂದ ಅದಕ್ಕೆ ಜಗಳವೆಂಬ ಅರ್ಥದ ಏಸೆಕ್ ಎಂಬ ಹೆಸರೇ ಬಿತ್ತು. ನಮ್ಮ ಬೀದಿಯ ನಲ್ಲಿಗೂ ಅದೇ ಹೆಸರಿಡಬಹುದು. "ಸೇದುವುದಕ್ಕೆ ನಿನ್ನಲ್ಲಿ ಏನೂ ಇಲ್ಲ, ಬಾವಿಯೂ ಆಳವಾಗಿದೆ" ಎಂದು ಯೇಸುವಿಗೇ ಹೇಳಿದ ಸಮಾರ್ಯದ ಹೆಂಗಸನ್ನು ಹಿಂದೆ ಅಧಿಕಪ್ರಸಂಗಿಯೆಂದು ತಿಳಿದಿದ್ದೆ. ಈಗ ನೋಡಿದರೆ ಅವಳ ಮಾತು ಥೇಟ್ ನಮ್ಮ ಕಡೆಯ ಗೃಹಿಣಿಯ ಮಾತು. ನೀರು ನಿಲ್ಲದ ಬಿರುಕು ತೊಟ್ಟಿಗಳ ಬಗ್ಗೆ ಪ್ರವಾದಿ ಯೆರೆಮೀಯನು ಹೇಳಿದ್ದನ್ನು ಬರೆಯುವಾಗ ಅನುಮಾನ ಬಂದು ನಮ್ಮ ಸಂಪಿಗೆ ಟಾರ್ಚ್ ಬಿಟ್ಟು ನೋಡಿದರೆ, ಮೂಲೆಯಲ್ಲಿ ಗೇಣುದ್ದದ ಬಿರುಕು. ನನ್ನ ಬರವಣಿಗೆಯಿಂದ ಮನೆಗಾದ ಮೊದಲ ಉಪಕಾರ ಇದೆಂದು ಹೆಂಡತಿ ಒಪ್ಪಿಕೊಂಡಿದ್ದಾಳೆ.

ಸಭಾಪಾಲಕರು ಈಗಲೂ ಕಂಡಾಗಲೆಲ್ಲ "ಯಾಜಕಕಾಂಡ ದಾಟಿದಿರಾ?" ಎಂದು ಸತ್ಯವೇದದ ಮೂರನೆಯ ಪುಸ್ತಕದ ಬಗ್ಗೆ ಕೇಳುತ್ತಾರೆ, ನಾನು ಸೊಂಟ ಹಿಡಿದುಕೊಂಡು ಮಾತು ಬದಲಿಸುತ್ತೇನೆ. ಮಿಕ್ಕ ನೋಟ್‌ಬುಕ್‌ಗಳಲ್ಲಿ ಒಂದನ್ನು ಹೆಂಡತಿ ಟ್ಯಾಂಕರಿನ ಲೆಕ್ಕ ಬರೆಯಲು ತೆಗೆದುಕೊಂಡಳು. ಅದರಲ್ಲಿ ಈಗಾಗಲೇ ನನ್ನದಕ್ಕಿಂತ ಹೆಚ್ಚು ಪುಟಗಳು ತುಂಬಿವೆ.