ಸುಳ್ಳು ಹೇಳದ ಕೀಲಿಮಣೆ

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರೆಲ್ಲ ದಿನವಿಡೀ ಸುಳ್ಳಿನ ಮೇಲೆ ಬೆರಳಾಡಿಸುತ್ತಿರುತ್ತೇವೆ. ಕೀಲಿಯ ಮೇಲೆ ಎಕ್ಸ್ ಎಂದಿರುತ್ತದೆ, ಒತ್ತಿದರೆ ಷ ಬರುತ್ತದೆ. ಕ್ಯೂ ಒತ್ತಿದರೆ ಟ. ಎಫ್ ಒತ್ತಿದರಂತೂ ಏನೂ ಬರುವುದಿಲ್ಲ, ಹಿಂದಿನ ಅಕ್ಷರದಲ್ಲಿದ್ದ ಸ್ವರ ಹಾರಿಹೋಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಕೈಗೆ ಹತ್ತಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಪಕ್ಕದಲ್ಲಿ ಕುಳಿತು ನೋಡುವ ನೆಂಟರಿಗೆ ಮಾತ್ರ ನಾವು ಮಾಟ ಮಾಡುತ್ತಿರುವಂತೆ ತೋರುತ್ತದೆ.

ಆದ್ದರಿಂದಲೇ ಮಾಸ್ಕೋದ ಆರ್ಟೆಮಿ ಲೆಬೆಡೆವ್ ವಿನ್ಯಾಸ ಸ್ಟುಡಿಯೊದವರು 2005ರಲ್ಲಿ ಪ್ರಕಟಿಸಿದ ಕೀಲಿಮಣೆಯ ಚಿತ್ರಗಳಿಗೆ ನಾನು ಮರುಳಾದೆ. ಪ್ರತಿ ಕೀಲಿಯಲ್ಲೂ ಒಂದು ಪುಟ್ಟ ಪರದೆ. ಲಿಪಿ ಬದಲಿಸಿದರೆ ಕೀಲಿಗಳ ಮೇಲಿನ ಅಕ್ಷರಗಳೂ ಬದಲಾಗುತ್ತವೆ. ಆಟ ತೆರೆದರೆ ಬಂದೂಕುಗಳು ಮೂಡುತ್ತವೆ. ಇದು ಮಾಸ್ಕೋದಲ್ಲಿ ಹುಟ್ಟಿದ್ದು ಆಶ್ಚರ್ಯವೇನಲ್ಲ. ಅಲ್ಲಿಯೂ ಒಂದೊಂದು ಕೀಲಿಗೆ ಎರಡೆರಡು ಲಿಪಿಗಳ ಸಂಸಾರ. ಲಿಪಿ ಬದಲಿಸದೆ ರಷ್ಯನ್ ಭಾಷೆಯ ‘ಪ್ರಿವೆತ್’ ಬರೆದರೆ ಜಿಎಚ್‌ಬಿಡಿಟಿಎನ್ ಎಂದು ಬರುತ್ತದೆ. ನಮ್ಮ ‘ನಮಸ್ಕಾರ’ಕ್ಕೂ ಅದೇ ಗತಿ: ಎನ್‌ಎಂಎಸ್‌ಎಫ್‌ಕೆಎಆರ್. ಯಾವುದೋ ನಷ್ಟದಲ್ಲಿರುವ ನಿಗಮದ ಹೆಸರು ಎನ್ನಬೇಕು.

ಕನ್ನಡ ಬರೆಯಲು ಬಳಸುವ ‘ನುಡಿ’ ತಂತ್ರಾಂಶದಲ್ಲಿ ಸ್ಕ್ರಾಲ್ ಲಾಕ್ ಕೀಲಿ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಬೇರೆ ಯಾರಿಗೂ ಏಕೆಂದು ತಿಳಿಯದೆ ಮೂಲೆಯಲ್ಲಿ ಕುಳಿತಿದ್ದ ಆ ಕೀಲಿಗೆ ಉದ್ಯೋಗ ಕೊಟ್ಟ ಕೀರ್ತಿ ಕನ್ನಡಿಗರದು. ಎಷ್ಟೋ ಲ್ಯಾಪ್‌ಟಾಪ್ ತಯಾರಕರು ಅದನ್ನು ಕೆಲಸದಿಂದ ತೆಗೆದುಹಾಕಿದರು, ಅದು ಬೇರೆ ಮಾತು.

ನಿವೃತ್ತ ಮೇಷ್ಟ್ರಾದ ನಮ್ಮ ಭಾವನವರಿಗೆ ಯಾವಾಗ ಯಾವ ಲಿಪಿ ನಡೆಯುತ್ತಿದೆ ಎಂಬುದೇ ದೊಡ್ಡ ಸಮಸ್ಯೆ. ಒಂದು ಬೆಳಿಗ್ಗೆ ಫೋನು ಮಾಡಿ, “ಬ್ಯಾಂಕಿನವರು ನನ್ನನ್ನು ಮರೆತೇಬಿಟ್ಟಿದ್ದಾರಪ್ಪ” ಎಂದು ನೊಂದುಕೊಂಡರು. ಹೋಗಿ ನೋಡಿದರೆ ಪಾಸ್‌ವರ್ಡ್ ಪೂರ್ತಿ ಕನ್ನಡದಲ್ಲಿ ಹೋಗುತ್ತಿತ್ತು. ಪರದೆಯ ಮೇಲೆ ಕಾಣುವುದು ಬರೀ ಕಪ್ಪು ಚುಕ್ಕೆಗಳು. ಅವುಗಳ ಮಾತೃಭಾಷೆ ಯಾವುದೆಂದು ಯಾರು ಹೇಳಬೇಕು? ನಾನು ತಲುಪುವ ಹೊತ್ತಿಗೆ ಖಾತೆಗೆ ಬೀಗ ಬಿದ್ದಿತ್ತು. ಭಾವ ಅಷ್ಟರಲ್ಲೇ ಆಧಾರ್ ಕಾರ್ಡು, ಪಾಸ್‌ಬುಕ್ಕು ಚೀಲಕ್ಕೆ ತುಂಬಿಕೊಂಡು ಶಾಖೆಗೆ ಹೊರಟು ನಿಂತಿದ್ದರು.

ಇದಕ್ಕೆ ಅವರೇ ಕಂಡುಕೊಂಡ ಪರಿಹಾರ ಸ್ಟಿಕ್ಕರ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕನ್ನಡ ಅಕ್ಷರಗಳ ಹಾಳೆ ತಂದು, ಓದುವ ಕನ್ನಡಕ ಹಾಕಿಕೊಂಡು, ಮೊಮ್ಮಗಳ ಚಿಮುಟದಲ್ಲಿ ಒಂದೊಂದನ್ನೇ ಎತ್ತಿ ಅಂಟಿಸಿದರು. ಸಾಲು ಎಷ್ಟು ನೇರವಾಗಿತ್ತೆಂದರೆ ಕಾಪಿ ಪುಸ್ತಕಕ್ಕೆ ಹತ್ತಕ್ಕೆ ಹತ್ತು ಕೊಡಬಹುದಿತ್ತು. ಆಮೇಲೆ ಉದ್ಘಾಟನೆಯ ಗಾಂಭೀರ್ಯದಿಂದ ಅಕ್ಕನ ಹೆಸರನ್ನೇ ಮೊದಲು ಒತ್ತಿದರು: ಕಮಲ. ಪರದೆಯಲ್ಲಿ ಮೂಡಿದ್ದು ‘ಕಚನ’.

ಸ್ಟಿಕ್ಕರುಗಳು ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸದವು, ಒಳಗಿದ್ದದ್ದು ಕೆ.ಪಿ. ರಾವ್ ವಿನ್ಯಾಸ. ಕ ಅದೃಷ್ಟವಶಾತ್ ಎರಡರಲ್ಲೂ ಒಂದೇ ಕಡೆ ಇದೆ. ಮ ಎಂದು ಅಂಟಿಸಿದ್ದು ಸಿ ಕೀಲಿಯ ಮೇಲೆ, ಅದು ಚ ಆಯಿತು. ಲ ಎಂದಿದ್ದಲ್ಲಿ ನ ಬಂತು. ಪ ಒತ್ತಿದರೆ ಹ ಬರುತ್ತಿತ್ತು. ಹಳಗನ್ನಡದ ಪಕಾರ ಹಕಾರವಾಗಲು ಶತಮಾನಗಳು ಹಿಡಿದವು ಎಂದು ತರಗತಿಯಲ್ಲಿ ಪಾಠ ಮಾಡಿದ್ದ ಭಾವ, ಅದು ಅರೆಕ್ಷಣದಲ್ಲಿ ಆಗುವುದನ್ನು ಕಣ್ಣಾರೆ ಕಂಡು ಸುಮ್ಮನೆ ಕುಳಿತರು. ಅಕ್ಕ ಮಾತ್ರ ಅಡುಗೆಮನೆಯಿಂದ, “ಯಾರ್ರೀ ಅದು ಕಚನ?” ಎಂದು ಕೇಳಿದಳು.

ಲೆಬೆಡೆವ್ ಅವರ ಕೀಲಿಮಣೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನಗೆ ಅನಿಸಿದ್ದು ನಿಜ. ಆಪ್ಟಿಮಸ್ ಮ್ಯಾಕ್ಸಿಮಸ್ ಎಂಬ ಹೆಸರಿನಲ್ಲಿ ಅದು 2008ರಲ್ಲಿ ಕೊಳ್ಳುವವರ ಕೈಗೆ ಬಂತು: 113 ಕೀಲಿಗಳು, ಒಂದೊಂದರಲ್ಲೂ ಉದ್ದಕ್ಕೆ 48, ಅಡ್ಡಕ್ಕೆ 48 ಚುಕ್ಕಿಗಳ ಬಣ್ಣದ ಪರದೆ. ಬೆಲೆ ಸುಮಾರು 1,600 ಡಾಲರ್. ಆದರೆ ಯೋಚಿಸಿದಷ್ಟೂ ಅದರ ಇಕ್ಕಟ್ಟು ಕಾಣುತ್ತದೆ. ಸರಾಗವಾಗಿ ಬರೆಯುವವರು ಕೀಲಿಗಳನ್ನು ನೋಡುವುದೇ ಇಲ್ಲ. ಆ ಪರದೆಗಳು ಬೆಳಗುವುದು ಅವರ ಬೆರಳಿನ ಅಡಿಯಲ್ಲಿ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವವರು ನೋಡುತ್ತಾರೆ, ಆದರೆ ಅವರು ಕೀಲಿಮಣೆಗೆ ಅಷ್ಟು ದುಡ್ಡು ಸುರಿಯುವ ಪೈಕಿಯಲ್ಲ. ಆಪಲ್ ಕೂಡ 2016ರಲ್ಲಿ ಲ್ಯಾಪ್‌ಟಾಪಿನ ಮೇಲಿನ ಸಾಲನ್ನೇ ಪರದೆಯಾಗಿಸಿ, ಎಸ್ಕೇಪ್ ಕೀಲಿಯನ್ನು ಚಿತ್ರವಾಗಿಸಿತು. ಬಳಸುವವರ ಗೊಣಗಾಟ ಕೇಳಿ 2019ರಲ್ಲಿ ಆ ಒಂದು ಕೀಲಿಯನ್ನು ಮರಳಿ ಕೂರಿಸಿತು. ಗೆದ್ದದ್ದು 2017ರಲ್ಲಿ ಬಂದ ಸ್ಟ್ರೀಮ್ ಡೆಕ್ ಎಂಬ 15 ಕೀಲಿಗಳ ಪುಟ್ಟ ಪೆಟ್ಟಿಗೆ: ಕೀಲಿಯ ಮೇಲೊಂದು ಚಿತ್ರ, ಒತ್ತಿದರೆ ನೇರಪ್ರಸಾರದಂಥ ಕೆಲಸಕ್ಕೆ ಒಂದು ಆಜ್ಞೆ. ಅದು ಅಕ್ಷರಗಳ ತಂಟೆಗೇ ಹೋಗಲಿಲ್ಲ.

ಇನ್ನು ಅಕ್ಷರ ಬದಲಾಗುವ ಕೀಲಿಮಣೆಯೋ, ಅದು ಎಲ್ಲರ ಮೊಬೈಲಿನಲ್ಲೂ ಪುಕ್ಕಟೆಯಾಗಿ ಬಂದು ಕುಳಿತಿದೆ. ಗ್ಲೋಬಿನ ಗುರುತು ಮುಟ್ಟಿದರೆ ಇಡೀ ಅಕ್ಷರಮಾಲೆ ಮಗ್ಗುಲು ಬದಲಿಸುತ್ತದೆ. ಇದನ್ನು ವಿವರಿಸಿ ಹೇಳಿದರೆ ಭಾವ ಒಪ್ಪಲಿಲ್ಲ. ಗಾಜು ಮುಟ್ಟಿದರೆ ಬರೆದಂತೆ ಆಗುವುದಿಲ್ಲ, ಟಕ್ ಎನ್ನಬೇಕು ಎಂದರು. ಸ್ಟಿಕ್ಕರುಗಳನ್ನು ಉಗುರಿನಿಂದ ಕೆರೆಯುತ್ತಲೇ ರಷ್ಯಾದ ಕೀಲಿಮಣೆಯ ಬೆಲೆ ಕೇಳಿದರು. ಹೇಳಿದೆ. ಡಾಲರನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಊಟ ಹಾಕಿ ನಿನ್ನನ್ನು ಕರೆಸಿಕೊಳ್ಳುವುದೇ ಅಗ್ಗ” ಎಂದರು.