37/75

ಕೊಚ್ಚಿಯಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಕಳೆದ ವಾರ ಬದಿಯಡ್ಕಕ್ಕೆ ಬಂದಾಗ, ರಟ್ಟಿನ ಕೊಳವೆಯೊಳಗಿಂದ ದಪ್ಪ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದ. ಬೀದಿಗೋಡೆಗಳಲ್ಲಿ ಚಿತ್ರ ಬಿಡಿಸುವ ಕಲಾವಿದರೊಬ್ಬರು ಬೀಡಿ ಕಟ್ಟುವ ಅಜ್ಜಿಯೊಬ್ಬರ ಮುಖವನ್ನು ಮೂರು ಬಣ್ಣಗಳಲ್ಲಿ ಅಚ್ಚು ಹಾಕಿದ್ದರು. ಕೆಳಗೆ ಎಡಬದಿಯಲ್ಲಿ ಪೆನ್ಸಿಲಿನಿಂದ 37/75 ಎಂದೂ, ಬಲಬದಿಯಲ್ಲಿ ಸಹಿಯೂ ಇದ್ದವು. “ಮಾವ, ಇದು ಲಿಮಿಟೆಡ್ ಎಡಿಷನ್, ತೆಗೆದದ್ದೇ ಎಪ್ಪತ್ತೈದು ಪ್ರತಿ, ಅದರಲ್ಲಿ ಇದು ಮೂವತ್ತೇಳನೆಯದು” ಎಂದ. ಬೆಲೆ ಕೇಳಿದ ನನ್ನಕ್ಕ ಏನೂ ಹೇಳದೆ ಅಡುಗೆಮನೆಗೆ ಹೋದಳು.

ನನ್ನ ಕಣ್ಣು ಹೋದದ್ದು ಅಜ್ಜಿಯ ಕೆಳತುಟಿಗೆ. ಅಲ್ಲಿ ಕೆಂಪು ಬಣ್ಣ ಕಪ್ಪು ಗೆರೆಯಿಂದ ಕೂದಲೆಳೆಯಷ್ಟು ಆಚೆಗೆ ಸರಿದಿತ್ತು. ಇದು ಕೈಯಿಂದಲೇ ಆದ ಕೆಲಸವೆಂದು ಆಗ ನಂಬಿಕೆಯಾಯಿತು. ಏಕೆಂದರೆ ಹರೆಯದಲ್ಲಿ ನಾಲ್ಕು ವರ್ಷ ಕಾಸರಗೋಡಿನ ಸಣ್ಣ ಪ್ರೆಸ್ಸೊಂದರಲ್ಲಿ ಮದುವೆ ಕಾಗದಗಳಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿದವನು ನಾನು. ಒಂದೊಂದು ಬಣ್ಣಕ್ಕೆ ಒಂದೊಂದು ಫ್ರೇಮು. ಬಿಗಿದ ಬಟ್ಟೆಗೆ ಎಮಲ್ಷನ್ ಎಂಬ ದ್ರಾವಣ ಬಳಿದು ಬೆಳಕಿಗೊಡ್ಡಿದರೆ ಬೆಳಕು ತಾಗಿದಲ್ಲಿ ಅದು ಗಟ್ಟಿಯಾಗುತ್ತದೆ, ತಾಗದಿದ್ದಲ್ಲಿ ನೀರಿಗೆ ತೊಳೆದುಹೋಗುತ್ತದೆ, ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯನ್ನು ಎಳೆದಾಗ ಹಾಗೆ ತೆರೆದ ಜಾಗದಿಂದ ಶಾಯಿ ಕಾಗದಕ್ಕಿಳಿಯುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುವುದರಿಂದ ಎರಡನೆಯ ಬಣ್ಣವನ್ನು ಸರಿಯಾಗಿ ಕೂರಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಕೆಲಸ ಮುಗಿದೊಡನೆ ಫ್ರೇಮನ್ನು ಬ್ಲೀಚಿಂಗ್ ನೀರಿನಿಂದ ತಿಕ್ಕಿ ತೊಳೆದು ಮರುದಿನದ ಮದುವೆಗೆ ಅಣಿಮಾಡುತ್ತಿದ್ದೆವು. ಆ ಲೆಕ್ಕದಲ್ಲಿ ನಾವು ಹಾಕಿಕೊಟ್ಟ ಮದುವೆ ಕಾಗದಗಳೆಲ್ಲ ಲಿಮಿಟೆಡ್ ಎಡಿಷನ್ನುಗಳೇ.

ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಅಚ್ಚು ತೆಗೆಯುವವರಿಗೆ ಮಿತಿಯನ್ನು ತಗಡೇ ಹಾಕುತ್ತದೆ, ಒತ್ತಿದಷ್ಟೂ ಗೆರೆ ಸವೆಯುತ್ತದೆ. ಸ್ಕ್ರೀನಿಗೆ ಆ ಕಷ್ಟ ಕಡಿಮೆ. ಎಪ್ಪತ್ತೈದರ ನಂತರ ಎಪ್ಪತ್ತಾರನೆಯದನ್ನು ತೆಗೆಯಲು ಅಡ್ಡಿಯೇನೂ ಇಲ್ಲ. ತೆಗೆಯುವುದಿಲ್ಲವೆಂದು ಕಲಾವಿದರು ಮಾತು ಕೊಟ್ಟಿದ್ದಾರೆ, ಅಷ್ಟೇ. ಅಳಿಯ ಹಣ ಕೊಟ್ಟದ್ದರಲ್ಲಿ ಒಂದು ಪಾಲು ಆ ಮಾತಿಗೆ. ನನ್ನ ಮಟ್ಟಿಗೆ ಅದು ದುಬಾರಿಯಲ್ಲ. ಆದರೆ ಕಂಪ್ಯೂಟರಿನ ಫೈಲಿನಿಂದ ಇಂಕ್‌ಜೆಟ್‌ನಲ್ಲಿ ತೆಗೆದು ಅದಕ್ಕೂ ಪೆನ್ಸಿಲಿನ ಸಂಖ್ಯೆ ಹಾಕಿ ಮಾರುವುದನ್ನು ನಾನು ಒಪ್ಪಲಾರೆ. ಸವೆಯದ, ತೊಳೆಯಬೇಕಿಲ್ಲದ ಫೈಲಿಗೆ ಪೋಸ್ಟರಿನ ಬೆಲೆ ಸಾಕು.

ಅಮೆರಿಕದ ಬೀದಿ ಕಲಾವಿದ ಶೆಪರ್ಡ್ ಫೇರಿ 2008ರಲ್ಲಿ ಒಬಾಮಾ ಅವರ ಭಾವಚಿತ್ರವನ್ನು ಮೊದಲಿಗೆ 350 ಪ್ರತಿ ಮಾರಾಟಕ್ಕೆಂದೂ, ಅಷ್ಟನ್ನೇ ಬೀದಿಗೋಡೆಗಳಿಗೆಂದೂ ಮುದ್ರಿಸಿದರು. ಮಾರಿದ್ದರಿಂದ ಬಂದ ಹಣ ಇನ್ನಷ್ಟು ಪೋಸ್ಟರುಗಳಿಗೆ ಹೋಯಿತು. ಕೊಂಡವನಿಗೊಂದು, ದಾರಿಹೋಕನಿಗೊಂದು ಎಂಬ ಈ ಲೆಕ್ಕ ನನಗೆ ಹಿಡಿಸಿತು. ಆದರೆ ಆ ಮುಖ ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಗಾಗಿ 2006ರಲ್ಲಿ ತೆಗೆದ ಛಾಯಾಚಿತ್ರವೊಂದರದು. ಸಂಸ್ಥೆಯೊಡನೆ ನ್ಯಾಯಾಲಯದಲ್ಲಿ ನಡೆದ ವ್ಯಾಜ್ಯ 2011ರಲ್ಲಿ ರಾಜಿಯಾಯಿತು. ಆ ಮೊಕದ್ದಮೆಯಲ್ಲಿ ಸಾಕ್ಷ್ಯ ತಿದ್ದಿದ ತಪ್ಪಿಗೆ 2012ರಲ್ಲಿ ಫೇರಿ 25,000 ಡಾಲರ್ ದಂಡ ತೆರಬೇಕಾಯಿತು. ಜಗಳವೆಲ್ಲ ಚಿತ್ರ ತೆಗೆದವರಿಗೂ ಬಿಡಿಸಿದವರಿಗೂ ನಡುವೆ. ಮುಖದ ಯಜಮಾನರು ಅಧ್ಯಕ್ಷರೇ ಆಗಿದ್ದರಿಂದ ಅವರ ಪಾಲಿನ ಮಾತು ಬರಲಿಲ್ಲ.

ನಮ್ಮ ಅಜ್ಜಿಯ ವಿಷಯ ಬೇರೆ. ಎಪ್ಪತ್ತೈದರ ಲೆಕ್ಕಕ್ಕೆ ಸೇರದೆ ಕಲಾವಿದರು ತಮಗೆಂದು ಇಟ್ಟುಕೊಳ್ಳುವ ಕೆಲವು ಪ್ರತಿಗಳಿರುತ್ತವೆ, ಅವುಗಳ ಮೇಲೆ ಸಂಖ್ಯೆಯ ಬದಲು ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್, ಅಂದರೆ ಕಲಾವಿದರ ಪ್ರತಿ) ಎಂದು ಬರೆಯುತ್ತಾರೆ. ಅವುಗಳಲ್ಲಿ ಒಂದಾದರೂ ಆ ಅಜ್ಜಿಯ ಮನೆಗೆ ಹೋಗಿದೆಯೇ ಎಂದು ಕೇಳಿದೆ. ಅಳಿಯನಿಗೆ ಗೊತ್ತಿರಲಿಲ್ಲ. ನನ್ನೆದುರೇ ಕಲಾವಿದರಿಗೆ ವಾಟ್ಸಾಪ್ ಮಾಡಿದ. ಎರಡು ಟಿಕ್ಕುಗಳು ನೀಲಿಯಾಗಿ ನಾಲ್ಕು ದಿನವಾಯಿತು. ಚಿತ್ರಕ್ಕೆ ಕಟ್ಟು ಹಾಕಿಸುವುದನ್ನು ಮುಂದಕ್ಕೆ ಹಾಕಿದ್ದೇವೆ.